ಹೆಪಟೈಟಿಸ್ ಬಿ: ಸೋಂಕಿನ ವ್ಯಾಪ್ತಿ, ರೋಗನಿರೋಧಕ ಶಕ್ತಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಹೆಪಟೈಟಿಸ್ ಬಿ ಯಕೃತ್ತನ್ನು ಬಾಧಿಸುವ ವೈರಾಣು ಸೋಂಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ 2.98 ಕೋಟಿ ಜನರಲ್ಲಿ ಈ ಸೋಂಕಿತ್ತು. ಕಲುಷಿತ ನೀರಿನಿಂದ ಹರಡುವ ಕಾಮಾಲೆಗೆ ಎ ಮತ್ತು ಇ ವೈರಾಣುಗಳು ಕಾರಣ. ಬಿ ವೈರಾಣು ರಕ್ತ, ಲೈಂಗಿಕ ಸಂಪರ್ಕ, ಒಬ್ಬರಿಗೆ ಬಳಸಿದ ಸೂಜಿ ಅಥವಾ ಕ್ಷೌರದ ಬ್ಲೇಡು ಹಾಗೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಸಹಭೋಜನದಿಂದಾಗಲಿ ಸ್ಪರ್ಶದಿಂದಾಗಲಿ ಹರಡದು. ಆದ್ದರಿಂದ ಸೋಂಕಿತರನ್ನು ಶಾಲೆ, ಕೆಲಸ, ಪಂಕ್ತಿಗಳಿಂದ ದೂರವಿಡಲು ಯಾವ ಆಧಾರವೂ ಇಲ್ಲ.

ಪರೀಕ್ಷೆಯ ಅರ್ಥ

ವೈರಾಣುವಿನ ಮೇಲ್ಮೈ ಪ್ರತಿಜನಕವು ರಕ್ತದಲ್ಲಿದ್ದರೆ ಸೋಂಕು ಇದೆ ಎಂದರ್ಥ. ಅದು ಆರು ತಿಂಗಳ ನಂತರವೂ ಉಳಿದರೆ ದೀರ್ಘಕಾಲಿಕ ಸೋಂಕು. ಆ ಪ್ರತಿಜನಕದ ವಿರುದ್ಧ ಪ್ರತಿಕಾಯವಿದ್ದರೆ ರೋಗನಿರೋಧಕ ಶಕ್ತಿ ಇದೆ ಎಂದರ್ಥ; ಇದು ಲಸಿಕೆಯಿಂದಲೂ, ಸೋಂಕಿನಿಂದ ಗುಣವಾದಾಗಲೂ ಬರುತ್ತದೆ. ಎರಡೂ ಇಲ್ಲದವರಲ್ಲಿ ಹಲವರು ಸೋಂಕಿಗೆ ಈಡಾಗಬಲ್ಲವರು.

24 ಗಂಟೆಗಳ ಮಹತ್ವ

ಹುಟ್ಟುವಾಗ ಸೋಂಕು ತಗುಲಿದ 100 ಶಿಶುಗಳಲ್ಲಿ ಸುಮಾರು 90 ಶಿಶುಗಳಿಗೆ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಲ್ಲಿ ಈ ಪ್ರಮಾಣ 5ಕ್ಕಿಂತ ಕಡಿಮೆ. ದಶಕಗಳ ಕಾಲ ಲಕ್ಷಣವಿಲ್ಲದೆ ಉಳಿದು ಮುಂದೆ ಸಿರೋಸಿಸ್, ಯಕೃತ್ತಿನ ಕ್ಯಾನ್ಸರ್ ತರಬಹುದು. ಆದುದರಿಂದ ಜನನದ 24 ಗಂಟೆಯೊಳಗೆ ಮೊದಲ ಲಸಿಕೆ, ನಂತರ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆ ನೀಡಲಾಗುತ್ತದೆ. 2007-08ರಲ್ಲಿ ಕರ್ನಾಟಕ ಸೇರಿ 10 ರಾಜ್ಯಗಳಿಗೂ 2011ರಲ್ಲಿ ಇಡೀ ದೇಶಕ್ಕೂ ಈ ಲಸಿಕೆ ವಿಸ್ತರಿಸಿತು. ಅದಕ್ಕೂ ಮೊದಲು ಜನಿಸಿದ, ಇಂದು ತಂದೆತಾಯಿಯರಾಗುತ್ತಿರುವ ಪೀಳಿಗೆಯ ಅನೇಕರಿಗೆ ಈ ರಕ್ಷಣೆ ದೊರೆತಿಲ್ಲ.

ಸದಸ್ಯರು ಗಮನಿಸಬೇಕಾದುದು

1. ಔರಾದ್ ಮತ್ತು ಭಾಲ್ಕಿ ಗಡಿ ತಾಲ್ಲೂಕುಗಳು. ಹೆರಿಗೆಗೆ ದೇಗಲೂರು, ಉದಗೀರ ಕಡೆಯ ತವರಿಗೆ ಹೋದ ತಾಯಂದಿರ ಮಕ್ಕಳು ಎರಡೂ ಕಡೆಯ ಲಸಿಕಾ ಪಟ್ಟಿಯಿಂದ ತಪ್ಪಬಹುದು. ತಾಯಿ ಕಾರ್ಡು ಜೊತೆಗಿರುವಂತೆ, ಮರಳಿದೊಡನೆ ಆಶಾ ಕಾರ್ಯಕರ್ತೆ ಪರಿಶೀಲಿಸುವಂತೆ ನೋಡಿಕೊಳ್ಳುವುದು.

2. ಪ್ರತಿ ಗರ್ಭಿಣಿಗೂ ರಕ್ತಪರೀಕ್ಷೆಯಾಗುವಂತೆ ನೋಡಿಕೊಳ್ಳುವುದು. ಸೋಂಕಿದ್ದರೆ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಶಿಶುವಿಗೆ ಲಸಿಕೆಯೊಂದಿಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ.

3. ಒಣಗಿದ ರಕ್ತದಲ್ಲಿಯೂ ವೈರಾಣು ಕನಿಷ್ಠ 7 ದಿನ ಬದುಕಬಲ್ಲದು. ಸ್ವಚ್ಛವಾಹಿನಿ ಸಿಬ್ಬಂದಿಗೆ ಕೈಗವಸು ಒದಗಿಸಿ, 0, 1 ಮತ್ತು 6ನೇ ತಿಂಗಳ ಲಸಿಕೆಗಾಗಿ ಆರೋಗ್ಯ ಇಲಾಖೆಗೆ ಪತ್ರ ಬರೆಯುವುದು.

4. 28 ಜುಲೈ 2018ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ತಪಾಸಣೆ, ಚಿಕಿತ್ಸೆ ಉಚಿತ. ಸೋಂಕಿತರು ನಾಟಿ ಔಷಧಿಯಲ್ಲಿ ಕಾಲ ಕಳೆಯದೆ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ಬೀದರ್ ನಗರದ ಬ್ರಿಮ್ಸ್ ಆಸ್ಪತ್ರೆಗೆ ಹೋಗುವಂತೆ ತಿಳಿಸುವುದು. ಯಾರ ಹೆಸರನ್ನೂ ಸಭೆಯಲ್ಲಿ ಪ್ರಕಟಿಸಬಾರದು.

ಮುಂದಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು: ಕಳೆದ ಮೂರು ತಿಂಗಳಲ್ಲಿ ಜನಿಸಿದ ಶಿಶುಗಳೆಷ್ಟು, ಅವುಗಳಲ್ಲಿ 24 ಗಂಟೆಯೊಳಗೆ ಲಸಿಕೆ ಪಡೆದವು ಎಷ್ಟು? ಎರಡು ಸಂಖ್ಯೆಗಳ ನಡುವಿನ ಅಂತರವೇ ಆ ಪಂಚಾಯಿತಿಯ ಮುಂದಿರುವ ಕೆಲಸ.