‘ಸಫರ್’ ಎಂಬ ಆಂಗ್ಲ ಕ್ರಿಯಾಪದ: ಅರ್ಥವಿವೇಚನೆ

ಆಂಗ್ಲಭಾಷೆಯ ‘ಸಫರ್’ ಎಂಬ ಕ್ರಿಯಾಪದಕ್ಕೆ ‘ನರಳು’ ಎಂಬುದೊಂದೇ ಅರ್ಥವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಪದದ ಮೂಲವನ್ನು ಪರಿಶೀಲಿಸಿದರೆ ಅದರ ಅರ್ಥವ್ಯಾಪ್ತಿಯು ವೇದ್ಯವಾಗುತ್ತದೆ.

ಲ್ಯಾಟಿನ್ನಿನಲ್ಲಿ ‘ಸಬ್’ ಎಂದರೆ ಕೆಳಗೆ, ‘ಫೆರ್ರೆ’ ಎಂದರೆ ಹೊರು. ಆದುದರಿಂದ ಭಾರದ ಕೆಳಗೆ ನಿಂತು ಹೊರುವುದೇ ಇದರ ಮೂಲಾರ್ಥ. ‘ಫೆರ್ರೆ’ಯೂ ಸಂಸ್ಕೃತದ ‘ಭೃ’ ಧಾತುವೂ ಏಕಮೂಲದವು. ನಮ್ಮ ‘ಭರಿಸು’ ಈ ಧಾತುವಿನಿಂದಲೇ ಬಂದುದು.

ಇನ್ನು ಪ್ರಯೋಗ. ರೋಗವನ್ನು ಹೇಳುವಾಗ ‘ಫ್ರಮ್’ ಎಂಬ ಅವ್ಯಯವು ಜೊತೆಗೂಡುತ್ತದೆ. ಆಗ ‘ಜ್ವರದಿಂದ ಬಳಲು’ ಎನ್ನಬೇಕು. ನಷ್ಟ, ಸೋಲುಗಳು ನೇರವಾಗಿ ಕರ್ಮಪದಗಳಾಗುತ್ತವೆ: ನಷ್ಟವನ್ನು ಅನುಭವಿಸು, ಸೋಲುಣ್ಣು. ಅಚೇತನವು ಕರ್ತೃವಾದಾಗ ಕುಂದುವುದೆಂದರ್ಥ. ‘ಅವನ ಓದು ನರಳಿತು’ ಎಂಬ ಭಾಷಾಂತರವು ಹಾಸ್ಯಾಸ್ಪದ. ‘ಓದು ಕುಂಠಿತವಾಯಿತು’ ಎಂಬುದೇ ಸಾಧು. ನಿಷೇಧದೊಡನೆ ಬಂದಾಗ ಅನೇಕ ವೇಳೆ ‘ಸಹಿಸು’ ಎಂಬ ಅರ್ಥವು ಒದಗುತ್ತದೆ: ಮೂರ್ಖರನ್ನು ಸಹಿಸನು. ಸಹಿಸುವವನು ತಡೆಯುವುದಿಲ್ಲವಷ್ಟೆ, ಅಂತೆಯೇ 1611ರ ಆಂಗ್ಲ ಬೈಬಲ್ಲಿನಲ್ಲಿ ಇದಕ್ಕೆ ‘ಬಿಡು, ಅನುಮತಿಸು’ ಎಂಬ ಅರ್ಥವೂ ಉಂಟು. ಈ ಪ್ರಯೋಗವು ಇಂದು ವಿರಳ.

ಆದಕಾರಣ ಭಾಷಾಂತರಿಸುವವನು ನಿಘಂಟಿನ ಮೊದಲ ಅರ್ಥಕ್ಕೆ ಕೈಹಾಕದೆ, ಹೊತ್ತವರು ಯಾರು, ಹೊರೆ ಯಾವುದು ಎಂಬುದನ್ನು ಮೊದಲು ವಿಚಾರಿಸಬೇಕು. ಅದು ತಿಳಿದರೆ ತಕ್ಕ ಕನ್ನಡ ಕ್ರಿಯಾಪದವು ತಾನಾಗಿಯೇ ದೊರೆಯುವುದು.