ಗಾಜಿನ ಊರುಗಳಿಗೆ ಅಧ್ಯಯನ ಪ್ರವಾಸ: ಸುಣ್ಣದ ಕಲ್ಲಿನ ನಾಡಿನ ಉದ್ದಿಮೆದಾರರಿಗೊಂದು ಪಾಠ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ವ್ಯಾಪಾರ ವಹಿವಾಟಿಗೆ ಸುಣ್ಣದ ಕಲ್ಲೇ ಆಧಾರ. ಫರಸಿ ಗಣಿ, ಪಾಲಿಷ್ ಘಟಕ, ಸಿಮೆಂಟ್ ಕಾರ್ಖಾನೆ, ಲಾರಿ ಸಾಗಣೆ ಇವೆಲ್ಲವೂ ಅದನ್ನೇ ನಂಬಿಕೊಂಡಿವೆ. ಆದರೆ ವಿಟ್ರಿಫೈಡ್ ಟೈಲ್ ಮಾರುಕಟ್ಟೆಗೆ ಬಂದ ಮೇಲೆ ಮನೆ ಕಟ್ಟುವವರ ಆಯ್ಕೆ ಬದಲಾಗಿದೆ. ಕಲ್ಲನ್ನು ಸೀಳಿ, ಉಜ್ಜಿ, ಚದರ ಅಡಿಯ ಲೆಕ್ಕದಲ್ಲಿ ಮಾರುವುದಷ್ಟೇ ಸಾಕೇ ಎಂಬ ಪ್ರಶ್ನೆ ಸಣ್ಣ ಘಟಕದವರನ್ನು ಕಾಡುತ್ತಿದೆ. ಈ ಹಿನ್ನೆಲೆಯಲ್ಲಿ ನಮ್ಮದೇ ಕಲ್ಲಿನ ಜಾತಿಯನ್ನು ಬಳಸುವ ಮತ್ತೊಂದು ಉದ್ಯಮವಾದ ಗಾಜಿನ ಊರುಗಳನ್ನು ಕಣ್ಣಾರೆ ಕಂಡು ಬರುವುದು ಪ್ರಯೋಜನಕರ. ಅಂಥ ಪ್ರವಾಸವನ್ನು ಯೋಜಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಾಜಿಗೂ ಸುಣ್ಣದ ಕಲ್ಲಿಗೂ ಇರುವ ನಂಟು

ಬಾಟಲಿ ಹಾಗೂ ಕಿಟಕಿಗೆ ಬಳಸುವ ಸಾಮಾನ್ಯ ಗಾಜಿನಲ್ಲಿ ಶೇ. 70ರಿಂದ 74ರಷ್ಟು ಸಿಲಿಕಾ, ಶೇ. 12ರಿಂದ 15ರಷ್ಟು ಸೋಡಾ ಹಾಗೂ ಶೇ. 10ರ ಆಸುಪಾಸಿನಲ್ಲಿ ಸುಣ್ಣದ ಅಂಶವಿರುತ್ತದೆ. ಸಿಲಿಕಾ ಮರಳೊಂದನ್ನೇ ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೋಡಾ ಸೇರಿಸಿದರೆ ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ಆದರೆ ಮರಳು ಮತ್ತು ಸೋಡಾ ಮಾತ್ರ ಸೇರಿದ ಗಾಜು ನೀರಿನಲ್ಲಿ ಕರಗಿಹೋಗುತ್ತದೆ. ಅದನ್ನು ನೀರಿಗೆ ಜಗ್ಗದಂತೆ ಗಟ್ಟಿಗೊಳಿಸುವುದು ಸುಣ್ಣದ ಕಲ್ಲು.

ಹಾಗೆಂದು ಎಲ್ಲ ಸುಣ್ಣದ ಕಲ್ಲೂ ಗಾಜಿಗೆ ಸಲ್ಲುವುದಿಲ್ಲ. ಕಲ್ಲಿನಲ್ಲಿ ಕಬ್ಬಿಣದ ಅಂಶ ತುಸು ಹೆಚ್ಚಾದರೂ ಗಾಜು ಹಸಿರು ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಬಾಟಲಿಗೆ ಇದು ಸ್ವಲ್ಪಮಟ್ಟಿಗೆ ನಡೆಯಬಹುದು, ತಿಳಿಗಾಜಿಗೆ ನಡೆಯದು. ಪಾಲಿಷ್ ಘಟಕದ ಕೆಸರಿನಲ್ಲಿ ಉಜ್ಜುವ ಕಲ್ಲಿನ ಪುಡಿ ಬೆರೆತಿರುವುದರಿಂದ ಅದನ್ನು ಹಾಗೆಯೇ ಗಾಜಿನ ಕಾರ್ಖಾನೆಗೆ ಕೊಡುತ್ತೇವೆಂಬುದೂ ಆಗದ ಮಾತು. ಇನ್ನೊಂದು ಸಂಗತಿ: ಗಾಜಿನ ದೊಡ್ಡ ಕುಲುಮೆಗೆ ಒಮ್ಮೆ ಬೆಂಕಿ ಹೊತ್ತಿಸಿದರೆ ಅದು ಹಗಲಿರುಳೆನ್ನದೆ ವರ್ಷಗಟ್ಟಲೆ ಉರಿಯುತ್ತದೆ. ಆದ್ದರಿಂದ ಅಲ್ಲಿನ ಖರೀದಿದಾರರು ಬೆಲೆಯಷ್ಟೇ ಮುಖ್ಯವಾಗಿ ಇಂದಿನ ಲಾರಿಯ ಮಾಲೂ ಆರು ತಿಂಗಳ ನಂತರದ ಲಾರಿಯ ಮಾಲೂ ಒಂದೇ ಗುಣದ್ದಾಗಿರುವುದನ್ನು ನೋಡುತ್ತಾರೆ. ಪ್ರವಾಸಕ್ಕೆ ಹೊರಡುವವರು ತಮ್ಮ ಗಣಿಯ ಕಲ್ಲಿನ ಪರೀಕ್ಷಾ ವರದಿಯನ್ನು ಜೊತೆಗೆ ಒಯ್ಯಬೇಕೆನ್ನುವುದು ಇದಕ್ಕಾಗಿಯೇ.

ಮೊದಲ ಹಂತ: ಹೈದರಾಬಾದ್, ಎರಡು ದಿನ

ನಮಗೆ ಅತಿ ಸಮೀಪದ ಮಾರ್ಗವೆಂದರೆ ತಾಂಡೂರು, ವಿಕಾರಾಬಾದ್ ಮೂಲಕ ಹೈದರಾಬಾದ್. ನಸುಕಿನಲ್ಲಿ ಹೊರಟರೆ ದಾರಿಯಲ್ಲಿ ತಾಂಡೂರಿನ ಕಲ್ಲಿನ ಘಟಕಗಳನ್ನೂ ನೋಡಿಕೊಳ್ಳಬಹುದು. ನಮ್ಮ ಕಲ್ಲಿಗೂ ಅವರ ಕಲ್ಲಿಗೂ ಹೋಲಿಕೆ ಇರುವುದರಿಂದ ಅವರ ಬೆಲೆ ಮತ್ತು ಬೇಡಿಕೆಗಳನ್ನು ವಿಚಾರಿಸುವುದು ಉಚಿತ.

ಮಧ್ಯಾಹ್ನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. 1951ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹವನ್ನು 1968ರಲ್ಲಿ ಈಗಿನ ಕಟ್ಟಡಕ್ಕೆ ಸ್ಥಳಾಂತರಿಸಲಾಯಿತು. ಯುರೋಪಿನ ಗಾಜಿನ ಸಾಮಗ್ರಿಗಳು ಇಲ್ಲಿ ವಿಪುಲವಾಗಿವೆ. ಶುಕ್ರವಾರ ಇಲ್ಲಿ ರಜೆ. ಸಂಜೆ ಚಾರ್‌ಮಿನಾರ್ ಬಳಿಯ ಲಾಡ್ ಬಜಾರಿನಲ್ಲಿ ಅರಗಿನ ಬಳೆಗೆ ಗಾಜಿನ ಹರಳು ಕೂರಿಸುವ ಕೆಲಸ ನೋಡಬೇಕು. ಹೈದರಾಬಾದಿನ ಈ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಎರಡನೆಯ ದಿನ ವರಂಗಲ್ ರಸ್ತೆಯಲ್ಲಿರುವ ಭುವನಗಿರಿಯ ಗಾಜಿನ ಕಾರ್ಖಾನೆಯ ಭೇಟಿಗೆ ಯತ್ನಿಸಬಹುದು. ಇದಕ್ಕೆ ಮೊದಲೇ ಪತ್ರ ಬರೆದು ಅನುಮತಿ ಪಡೆಯುವುದು ಅವಶ್ಯ. ಬುಧವಾರ ಹೊರಟು ಗುರುವಾರ ರಾತ್ರಿ ಮರಳುವಂತೆ ದಿನ ಗೊತ್ತುಮಾಡಿಕೊಂಡರೆ ಸಂಗ್ರಹಾಲಯವೂ ಸಿಕ್ಕುತ್ತದೆ, ಕಾರ್ಖಾನೆಯ ಕಚೇರಿಯೂ ತೆರೆದಿರುತ್ತದೆ.

ಎರಡನೆಯ ಹಂತ: ಮತ್ತೋಡು

ಗಾಜು ಪರದೇಶದಿಂದ ಬಂದ ವಿದ್ಯೆಯೆಂದು ತಿಳಿದವರು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಚರಿತ್ರೆಯನ್ನು ಅರಿಯಬೇಕು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಸವುಳು ಮಣ್ಣಿನ ಸೋಡಾ ಮತ್ತು ಬಿಳಿ ಬೆಣಚುಕಲ್ಲಿನ ಪುಡಿ ಅದಕ್ಕೆ ಮೂಲ ಸಾಮಗ್ರಿಗಳಾಗಿದ್ದವು. ಆ ಕುಲುಮೆಗಳು ಇಂದು ಇತಿಹಾಸಕ್ಕೆ ಸೇರಿವೆ. ಕಚ್ಚಾ ಮಾಲು ಕಾಲಡಿಯಲ್ಲಿದ್ದ ಮಾತ್ರಕ್ಕೆ ಉದ್ಯಮ ಉಳಿಯುವುದಿಲ್ಲ ಎಂಬ ಎಚ್ಚರಿಕೆಯನ್ನು ಮತ್ತೋಡು ನಮಗೆ ಕೊಡುತ್ತದೆ.

ಮೂರನೆಯ ಹಂತ: ಫಿರೋಜಾಬಾದ್

ಭೀಮಾ ತೀರದಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಫಿರೋಜಾಬಾದ್ ನಮಗೆಲ್ಲ ಪರಿಚಿತ. ಇಲ್ಲಿ ಹೇಳುತ್ತಿರುವುದು ಉತ್ತರ ಪ್ರದೇಶದ ಫಿರೋಜಾಬಾದ್. ವಾಡಿ ಮಾರ್ಗವಾಗಿ ಸಾಗುವ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಆಗ್ರಾ ತಲುಪಿದರೆ ಅಲ್ಲಿಂದ ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ಹಾದಿ. ಕಾರ್ಖಾನೆಯಲ್ಲಿ ಸುರುಳಿಯಾಗಿ ಹೊರಬರುವ ಗಾಜನ್ನು ಕತ್ತರಿಸಿದ ಮೇಲೆ, ತುದಿ ಕೂಡಿಸುವುದು, ಬಣ್ಣ ಹಚ್ಚುವುದು ಮುಂತಾದ ಕೆಲಸ ಮನೆ ಮನೆಗೆ ಹಂಚಿಹೋಗುತ್ತದೆ.

ತಾಜ್ ಮಹಲಿನ ರಕ್ಷಣೆಗಾಗಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ನೀಡಿದ ತೀರ್ಪಿನ ನಂತರ, ಫಿರೋಜಾಬಾದನ್ನೂ ಒಳಗೊಂಡ ಸುಮಾರು 10,400 ಚದರ ಕಿ.ಮೀ. ವಲಯದ ಉದ್ದಿಮೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕಾಯಿತು. ಧೂಳು ಮತ್ತು ಕೆಸರಿನ ಸಮಸ್ಯೆ ನಮ್ಮಲ್ಲಿಯೂ ಇದೆ. ಕಾನೂನು ಬಾಗಿಲು ತಟ್ಟುವ ಮುನ್ನವೇ ಸಿದ್ಧರಾಗುವುದು ಹೇಗೆಂಬುದನ್ನು ಅಲ್ಲಿನ ಉದ್ದಿಮೆದಾರರಿಂದ ಕೇಳಿ ತಿಳಿಯಬೇಕು. ಒಡೆದ ಗಾಜಿನ ವಿಷಯವೂ ಗಮನಾರ್ಹ. ಕುಲುಮೆಗೆ ಹಾಕುವ ಮಾಲಿನಲ್ಲಿ ಪ್ರತಿ ಶೇ. 10ರಷ್ಟು ಒಡೆದ ಗಾಜು ಸೇರಿಸಿದರೆ ಇಂಧನದಲ್ಲಿ ಸುಮಾರು ಶೇ. 2.5ರಿಂದ 3ರಷ್ಟು ಉಳಿತಾಯವಾಗುತ್ತದೆ. ಒಡೆದ ಫರಸಿಯ ರಾಶಿಗಳನ್ನು ನಾವೇನು ಮಾಡುತ್ತಿದ್ದೇವೆ?

ಕಡಲಾಚೆಯ ಎರಡು ನಿದರ್ಶನಗಳು

1291ರಲ್ಲಿ ವೆನಿಸ್ ನಗರದ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಲಾಯಿತು. 1861ರಲ್ಲಿ ಅಲ್ಲಿ ಗಾಜಿನ ಸಂಗ್ರಹಾಲಯ ಸ್ಥಾಪನೆಯಾಯಿತು. ನಕಲಿ ಮಾಲಿನ ಹಾವಳಿ ತಡೆಯಲು 1994ರಲ್ಲಿ ಅಲ್ಲಿನ ಪ್ರಾಂತೀಯ ಆಡಳಿತ ಮುರಾನೊ ಗಾಜಿಗೆ ಪ್ರತ್ಯೇಕ ಮುದ್ರೆಯನ್ನು ಜಾರಿಗೆ ತಂದಿತು. ಅಮೆರಿಕದ ಕಾರ್ನಿಂಗ್ ಪಟ್ಟಣದಲ್ಲಿ ಗಾಜಿನ ಕಂಪನಿಯೇ 1951ರಲ್ಲಿ ಸಂಗ್ರಹಾಲಯ ತೆರೆಯಿತು. ಅಲ್ಲಿ ಪ್ರೇಕ್ಷಕರ ಎದುರಿನಲ್ಲಿಯೇ ಗಾಜು ಊದಿ ತೋರಿಸುತ್ತಾರೆ. ಇವೆರಡೂ ಊರುಗಳು ಸರಕಿನ ಜೊತೆಗೆ ತಮ್ಮ ಊರಿನ ಹೆಸರನ್ನೂ ಬೆಲೆಯುಳ್ಳದ್ದನ್ನಾಗಿ ಮಾಡಿಕೊಂಡಿವೆ. ಶಹಾಬಾದ ಎಂಬ ಊರಿನ ಹೆಸರೇ ಕಲ್ಲಿನ ಹೆಸರಾಗಿ ದೂರದೂರದ ಪೇಟೆಗಳಲ್ಲಿ ನಡೆಯುತ್ತಿದೆ. ಆ ಹೆಸರಿನ ಲಾಭ ನಮಗೆಷ್ಟು ಸಲ್ಲುತ್ತಿದೆ ಎಂಬುದನ್ನು ನಾವು ಯೋಚಿಸಬೇಕು.

ಹೊರಡುವ ಮುನ್ನ, ಬಂದ ನಂತರ

1. ತಂಡದಲ್ಲಿ ಎಂಟು ಹತ್ತು ಜನರಿದ್ದರೆ ಸಾಕು. ಗಣಿ, ಪಾಲಿಷ್, ಸಾಗಣೆ, ಮಾರಾಟ ಈ ನಾಲ್ಕೂ ಕಸುಬಿನವರಿರಲಿ.

2. ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆಯನ್ನು ಬರೆದುಕೊಂಡು ಹೊರಡಲಿ. ಪ್ರಶ್ನೆಯಿಲ್ಲದ ಅಧ್ಯಯನ ಪ್ರವಾಸ ಬರೀ ತಿರುಗಾಟವಾಗುತ್ತದೆ.

3. ಕಾರ್ಖಾನೆಯೊಳಗೆ ಅನುಮತಿಯಿಲ್ಲದೆ ಚಿತ್ರ ತೆಗೆಯಬಾರದು. ಕುಲುಮೆಯ ಬಳಿ ಮುಚ್ಚಿದ ಪಾದರಕ್ಷೆ ಮತ್ತು ಹತ್ತಿಯ ಬಟ್ಟೆ ಅವಶ್ಯ.

4. ಮರಳಿದ ಹದಿನೈದು ದಿನಗಳೊಳಗೆ ಸಭೆ ಸೇರಿ, ಕಂಡದ್ದರಲ್ಲಿ ನಮ್ಮ ಘಟಕಗಳಿಗೆ ಅಳವಡುವ ಒಂದು ಕ್ರಮವನ್ನಾದರೂ ನಿರ್ಧರಿಸಬೇಕು.

ಮೂರು ಹಂತಗಳನ್ನೂ ಒಂದೇ ವರ್ಷದಲ್ಲಿ ಮುಗಿಸಬೇಕೆಂದೇನೂ ಇಲ್ಲ. ಖರ್ಚು ಕಡಿಮೆಯಿರುವ ಹೈದರಾಬಾದ್ ಪ್ರವಾಸದಿಂದ ಆರಂಭಿಸಬಹುದು. ನಮ್ಮ ಕಲ್ಲು ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲುವುದಿಲ್ಲ ಎಂಬುದು ಖಚಿತವಾಗಿ ತಿಳಿದು ಬಂದರೂ ಆ ಎರಡು ದಿನಗಳ ಖರ್ಚು ಸಾರ್ಥಕ. ಆಸಕ್ತ ಸದಸ್ಯರು ಮುಂದಿನ ಮಾಸಿಕ ಸಭೆಯಲ್ಲಿ ಈ ಬಗ್ಗೆ ಚರ್ಚಿಸಿ, ತಂಡವೊಂದನ್ನು ಸಿದ್ಧಗೊಳಿಸುವರೆಂದು ಆಶಿಸೋಣ.