ಆಡಲಿ ಬಿಡಿ, ಅದೂ ಪಾಠವೇ

"ಆಟ ಸಾಕು, ಬಂದು ಓದ್ಕೋ" ಎಂದು 4 ವರ್ಷದ ಮಗುವನ್ನು ಕರೆಯುವ ಮುನ್ನ ಒಂದು ನಿಮಿಷ ಬಾಗಿಲಲ್ಲೇ ನಿಂತು ನೋಡಿ. ಅಂಗಳದಲ್ಲಿ ಕೂತ ಪುಟ್ಟಿ ತೆಂಗಿನ ಚಿಪ್ಪಿಗೆ ಒದ್ದೆ ಮಣ್ಣು ತುಂಬಿ ಬೋರಲು ಹಾಕುತ್ತಾಳೆ. ಮಣ್ಣಿನ ಇಡ್ಲಿ ಕುಸಿಯುತ್ತದೆ. ಮುಂದಿನ ಸಲ ನೀರು ಕಡಿಮೆ ಹಾಕುತ್ತಾಳೆ, ಇಡ್ಲಿ ನಿಲ್ಲುತ್ತದೆ. ಬೊಂಬೆಗೆ ಎರಡು, ತಮ್ಮನಿಗೆ ಎರಡು ಬಡಿಸುತ್ತಾಳೆ. ಅಳತೆ, ಎಣಿಕೆ, ಮಾತು, ಹಂಚಿ ತಿನ್ನುವ ಗುಣ, ಕೆಟ್ಟರೂ ಮತ್ತೆ ಮಾಡುವ ಛಲ ಎಲ್ಲವೂ ಅಲ್ಲೇ ಇವೆ.

ಅಳಗುಳಿಮಣೆಯ 14 ಗುಳಿಗಳಿಗೆ ಒಂದೊಂದೇ ಹುಣಸೆಬೀಜ ಹಾಕುವ ಬೆರಳು ನಾಳೆ ಪೆನ್ಸಿಲ್ ಹಿಡಿಯಲು ಪಳಗುತ್ತದೆ. ಕುಂಟೆಬಿಲ್ಲೆಯಲ್ಲಿ ಮೈ ಸಮತೋಲ ಕಲಿಯುತ್ತದೆ, ಕಣ್ಣಾಮುಚ್ಚಾಲೆಯಲ್ಲಿ ಮನಸ್ಸು ಕಾಯುವುದನ್ನು ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರಿಗೆ ಆಟದ ಮೂಲಕ ಕಲಿಸಬೇಕೆನ್ನುತ್ತದೆ. 3–4 ವರ್ಷದವರು ದಿನಕ್ಕೆ ಕನಿಷ್ಠ 3 ಗಂಟೆ ಮೈ ಆಡಿಸಬೇಕು, ಕೂತು ಪರದೆ ನೋಡುವುದು 1 ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ದುಬಾರಿ ಆಟಿಕೆ ಬೇಕಿಲ್ಲ. ಹಳೆಯ ಡಬ್ಬಿ, ಸೌಟು, ರಟ್ಟಿನ ಪೆಟ್ಟಿಗೆ, ಅಜ್ಜಿಯ ಸೀರೆ ಕೊಡಿ. 3 ವರ್ಷದೊಳಗಿನವರ ಕೈಗೆ ಮಾತ್ರ ಬೀಜ, ಗೋಲಿ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಂಡೀತು. ಆಟದ ನಡುವೆ ತಿದ್ದಲು ಹೋಗಬೇಡಿ. ಮಗು ಕರೆದರೆ ಮೊಬೈಲ್ ಬದಿಗಿಟ್ಟು ನೆಲಕ್ಕೆ ಕೂತು, ಆ ಮಣ್ಣಿನ ಇಡ್ಲಿ ತಿಂದಂತೆ ಮಾಡಿ, "ಇನ್ನೊಂದು ಹಾಕಮ್ಮಾ" ಅನ್ನಿ. ಬಟ್ಟೆಯ ಕೊಳೆ ತೊಳೆದರೆ ಹೋಗುತ್ತದೆ. ಈ ಬಾಲ್ಯ ಮತ್ತೆ ಬಾರದು.